ಮಾಳಿಗೆಯ ಮೇಲಿನ ಕೆಂಪು ಹೊದಿಕೆ

ಹೆಸರು ನೊರ್ಮಾ ಎಚೆ ಪೆರಿಚೆ, ವಯಸ್ಸು 24 ವರ್ಷ, ಶಿಕ್ಷಣ ಪದವಿ, ಸದ್ಯ ಮನೆಯಲ್ಲೇ ಇರುವವಳು, ವಾಸ ಮೀನುಗಾರರ ಕೇರಿ, ಸಾನ್ ಸಿರಿಯಾಕೊ, ಪೆರು. ಇಂದು ಬುಧವಾರ ಮಧ್ಯಾಹ್ನ 2-08ಕ್ಕೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಗಂಡ ಹಾಸಿಂತೊ ಚುಂಗಾ ಮತ್ತು ಅವನ ತಮ್ಮ ವಿಲ್ಮೆರ್ ಇರುವ ದೋಣಿ ಈಗ ನಮ್ಮ ಕೇರಿಯ ಎದುರಿನ ನಡುಗಡ್ಡೆಯ ಹಿಂದೆ ಇದೆ. ನಮ್ಮ ಮತ್ತು ಮಿತ್ರದೇಶದ ನೌಕಾಪಡೆಗಳ ಜಂಟಿ ಅಭ್ಯಾಸದಲ್ಲಿ 3 ಗಂಟೆಗೆ ಅಲ್ಲಿಯೇ ನೀರಿನಡಿ ಮದ್ದು ಸಿಡಿಸಲಿದ್ದಾರೆ. ಗಂಡ ಮುಳುಗಿ ಚಿಪ್ಪು ತೆಗೆಯುವವನು. ಆ ಹೊತ್ತಿಗೆ ಅವನು ನೀರಿನಡಿ ಇರುತ್ತಾನೆ.

ಮಧ್ಯಾಹ್ನ 12ರ ನಂತರ ಯಾರೂ ಕಡಲಿನಲ್ಲಿ ಇರಬಾರದೆಂಬ ಪ್ರಕಟಣೆಯನ್ನು ನಿನ್ನೆ ಮೀನುಗಾರರ ಸಂಘದ ಮೈಕಿನಲ್ಲಿ ಓದಿದವಳು ನಾನೇ. ಇಂದು ಬೆಳಿಗ್ಗೆ 5-10ಕ್ಕೆ ಗಂಡ ಹೊರಟ. ಹನ್ನೊಂದಕ್ಕೆಲ್ಲ ಬಂದ್ಬಿಡ್ತೀನಿ, ನೀನು ಸ್ವಲ್ಪ ಮಲ್ಕೋ, ಮುಖ ನೋಡಿದ್ರೆ ಗೂಬೆ ಹೆದ್ರುತ್ತೆ ಎಂದ. ಮಗುವಿಗೆ ಐದು ತಿಂಗಳು. ಹನ್ನೊಂದು ದಿನಗಳಿಂದ ನಾನು ಒಮ್ಮೆಗೆ ಎರಡು ಗಂಟೆಯೂ ಮಲಗಿಲ್ಲ. ಇದನ್ನು ಬರೆಯಬೇಕೇ ಎಂದು ಅಧಿಕಾರಿ ಕೇಳಿದರು. ಬರೆಯಬೇಕು.

ನಮ್ಮ ಕೇರಿಯ ಪ್ರತಿ ಮಾಳಿಗೆಯ ಮೇಲೂ ಒಂದು ಬಿದಿರಿನ ಕೋಲು ಇದೆ. ಆಯಾ ಮನೆಯ ದೋಣಿ ಆ ಕೋಲನ್ನು ನೋಡಿಕೊಂಡೇ ದಡಕ್ಕೆ ಬರುತ್ತದೆ. ಬಿಳಿ ಬಟ್ಟೆ ಇದ್ದರೆ ಬಾ ಎಂದು. ಕೆಂಪು ಇದ್ದರೆ ದಡದಲ್ಲಿ ಅಲೆ ಜೋರಾಗಿದೆ, ಸಂಜೆಯವರೆಗೆ ನಡುಗಡ್ಡೆಯ ಹಿಂದೆ ಕಾಯಿ ಎಂದು. ಕಾಯುವವರು ಸುಮ್ಮನೆ ಕೂರುವುದಿಲ್ಲ, ಮುಳುಗುತ್ತಾರೆ. ಆ ಕೋಲಿಗೆ ಯಾರೂ ಬಟ್ಟೆ ಒಣಹಾಕುವುದಿಲ್ಲ. ಇದು ನನಗೆ ನಡೆಯಲು ಕಲಿತಾಗಿನಿಂದ ಗೊತ್ತು.

10-20ಕ್ಕೆ ಮಗು ಹೊದಿಕೆಯ ಮೇಲೆ ಹಾಲು ಕಕ್ಕಿತು. ಹೊದಿಕೆ ಕೆಂಪು. ಒಗೆದು ಮಾಳಿಗೆಗೆ ಹೋದೆ. ಹಗ್ಗದ ತುಂಬ ಮಗುವಿನ ಬಟ್ಟೆಗಳೇ ಇದ್ದವು. ಹೊದಿಕೆಯನ್ನು ಕೋಲಿಗೆ ಹಾಕಿದೆ. ಕಡಲಿನ ಕಡೆ ನೋಡಲಿಲ್ಲ. ಕೆಳಗೆ ಬಂದು ಮಗುವಿನ ಪಕ್ಕ ಕುಳಿತೆ. ಕುಳಿತಲ್ಲೇ ನಿದ್ದೆ ಬಂತು. ಹನ್ನೊಂದು ದಿನಗಳಲ್ಲಿ ಬಾರದ ನಿದ್ದೆ.

12-05ಕ್ಕೆ ಅಭ್ಯಾಸದ ಮೊದಲ ಫಿರಂಗಿಯ ಸದ್ದಿಗೆ ಕಿಟಕಿಯ ಗಾಜು ಅದುರಿ ಎಚ್ಚರವಾಯಿತು. ಅತ್ತೆ ದೊಮಿತಿಲಾ ಹೊರಗಿನಿಂದ ಬಂದು, ಏನೇ ಮೇಷ್ಟ್ರಮ್ಮ, ಸಮುದ್ರ ತಟ್ಟೆ ಥರ ಮಲಗಿದೆ, ಕೆಂಪು ಯಾಕೆ ಏರ್ಸಿದ್ದೀಯಾ ಎಂದು ನಗುತ್ತಾ ಕೇಳಿದರು. ಆಮೇಲೆ ನಗಲಿಲ್ಲ. ಮಾವ ಸತ್ತಿದ್ದು ದಡದ ಅಲೆಯಲ್ಲಿ, ಆ ದಿನ ಕೋಲು ಖಾಲಿ ಇತ್ತು. ಹಾಗಾಗಿ ಕೆಂಪು ಕಂಡ ಮೇಲೆ ನನ್ನ ಗಂಡ ದಡಕ್ಕೆ ಬರುವವನಲ್ಲ, ಫಿರಂಗಿ ಸದ್ದು ಕೇಳಿದರೂ ಬರುವವನಲ್ಲ.

ಪಕ್ಕದ ಮನೆಯ ಎವಾರಿಸ್ತೊ ಎಂಬವರು 10-40ಕ್ಕೆ ಬಲೆ ಹೊಲಿಯುತ್ತಾ ನಮ್ಮ ದೋಣಿ ನೋಡಿದ್ದರು. ದಡದಿಂದ ಎರಡು ಕಿಲೋಮೀಟರ್ ದೂರಕ್ಕೆ ಬಂದು ತಿರುಗಿತಂತೆ. ಹೆಂಡ್ತಿ ಹತ್ರ ಬೈಸ್ಕೊಳೋಕೆ ಹೆದ್ರಿ ವಾಪಸ್ ಹೋದ ಅಂದ್ಕೊಂಡೆ ಕಣಮ್ಮಾ ಎಂದರು. ಅವರೇ 12-40ಕ್ಕೆ ಗಂಡನನ್ನು ಕರೆತರಲು ದೋಣಿ ಬಿಟ್ಟುಕೊಂಡು ಹೋದರು. ಕಾವಲು ದೋಣಿಯವರು ಅವರನ್ನು ಅರ್ಧದಾರಿಯಿಂದ ಹಿಂದಕ್ಕೆ ಕಳುಹಿಸಿದರು.

1-20ಕ್ಕೆ ಮೂರು ಕಿಲೋಮೀಟರ್ ನಡೆದು ಕರಾವಳಿ ಕಾವಲುಗಾರರ ಚೌಕಿಗೆ ಹೋದೆ. ಅಲ್ಲಿದ್ದ ಯುವಕ, ಅಕ್ಕಾ, ಅಭ್ಯಾಸ ನಿಲ್ಸೋಕೆ ಬೆಳಿಗ್ಗೆಯಿಂದ ನಿಮ್ಮೂರೋರು ಮೂರು ದೋಣಿ ಕಳ್ಕೊಂಡಿದ್ದಾರೆ, ಹೋಗಿ ನೋಡಿದ್ರೆ ಮೂರೂ ಮರಳಿನ ಮೇಲೇ ಇದ್ವು, ನಾಲ್ಕನೇದನ್ನ ಹೇಗೆ ನಂಬ್ಲಿ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಠಾಣೆಯ ಮೊಹರು ಬಿದ್ದ ಹೇಳಿಕೆ ತನ್ನಿ, ತಕ್ಷಣ ಹಡಗುಗಳಿಗೆ ವೈರ್‌ಲೆಸ್‌ನಲ್ಲಿ ಹೇಳ್ತೀನಿ ಎಂದೂ ಹೇಳಿದ.

ಗಂಡ ಹೆಂಡತಿಗೆ ಜಗಳವಿತ್ತೇ ಎಂದು ಅಧಿಕಾರಿ ಈಗ ಕೇಳಿದರು. ಇತ್ತು. ಮಗು ಅತ್ತಾಗ ಯಾರು ಏಳಬೇಕು ಎಂಬ ವಿಷಯಕ್ಕೆ. ಮೂರು ದೋಣಿಗಳ ಹಾಗೆ ಇದೂ ಕಟ್ಟುಕಥೆ ಅಲ್ಲವೆಂದು ಹೇಗೆ ನಂಬುವುದು ಎಂದೂ ಕೇಳಿದರು. ಕಟ್ಟುಕಥೆ ಆಗಿದ್ದರೆ ಅದರಲ್ಲಿ ತಪ್ಪು ನನ್ನದು ಎಂದು ಬರೆಸುತ್ತಿರಲಿಲ್ಲ.

ಈಗ ಕೋಲಿನ ಮೇಲೆ ಬಿಳಿ ಹಾಸುಬಟ್ಟೆ ಇದೆ. ಅತ್ತೆ ಮಗುವನ್ನು ಎತ್ತಿಕೊಂಡು ಕೋಲಿನ ಬುಡದಲ್ಲೇ ಕುಳಿತಿದ್ದಾರೆ. ನಡುಗಡ್ಡೆಯ ಹಿಂದಿನಿಂದ ಆ ಬಟ್ಟೆ ಕಾಣುವುದಿಲ್ಲ. ದೋಣಿಯ ಬಣ್ಣ ನೀಲಿ, ದೋಣಿಯಿಂದ ನೀರಿಗೆ ಇಳಿಬಿಡುವ ಉಸಿರಾಟದ ಕೊಳವೆ ಹಳದಿ, ನಲವತ್ತು ಮೀಟರ್ ಉದ್ದ. ಹಡಗಿನವರು ಹಳದಿ ಕೊಳವೆ ನೋಡಿದರೆ ಅದರ ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಎಂದು ತಿಳಿಯಬೇಕು.

ತಪ್ಪಿಗೆ ಏನು ಕ್ರಮವಿದೆಯೋ ಅದಕ್ಕೆ ನಾನು ಮೂರು ಗಂಟೆಯ ನಂತರ ಇದೇ ಬೆಂಚಿನ ಮೇಲೆ ಬಂದು ಕೂರುತ್ತೇನೆ.

ಮೇಲೆ ಹೇಳಿದ್ದೆಲ್ಲ ನಡೆದ ಹಾಗೆಯೇ ಇದೆ, ಹೆಚ್ಚು ಕಡಿಮೆ ಮಾಡಿಲ್ಲ. ಓದಿ ಹೇಳುವುದು ನಿಯಮ ಎಂದು ಅಧಿಕಾರಿ ಹೇಳಿದರು. ಓದುವುದು ಬೇಡ, ಮೊಹರು ಹಾಕಿ ಎಂದು ಕೇಳಿಕೊಂಡು ಸಹಿ ಮಾಡಿದ್ದೇನೆ.

ಸ್ಥಳ: ಸಾನ್ ಸಿರಿಯಾಕೊ
ದಿನಾಂಕ: 14-8-2019, ಸಮಯ 2-31
ಸಹಿ: ನೊರ್ಮಾ ಎಚೆ ಪೆರಿಚೆ