ಕಾಲು ಮನೇಲಿ ಬಿಟ್ಟು ಬೂಟು ತಂದ ಸಾಹುಕಾರ

ಪ್ರೀತಿ ಇದ್ದ ಮಾತ್ರಕ್ಕೆ ಎಲ್ಲಾ ಸರಿ ಹೋಗುತ್ತಾ? ಮಠದ ಈ ಸಭೇಲಿ ಮುಂದಿನ ಸಾಲಲ್ಲಿ ಕೂತಿರೋ ನಮ್ಮ ರುದ್ರಮುನಿಯಪ್ಪನವರು ಹೂಂ ಅಂತ ತಲೆ ಆಡಿಸ್ತಿದಾರೆ. ಸ್ವಲ್ಪ ತಡೀರಿ, ಅಷ್ಟು ಬೇಗ ಆಡಿಸಬೇಡಿ. ಇವತ್ತು ನಿಮ್ಮನ್ನ ಬಲು ದೂರ ಕರ್ಕೊಂಡು ಹೋಗ್ತೀನಿ. ಶಾಲು ಸರಿಯಾಗಿ ಹೊದ್ಕೊಳ್ಳಿ, ಅಲ್ಲಿ ಚಳಿ ಜಾಸ್ತಿ.

ಹಿಮಾಲಯದ ಆಚೆ ಒಂದೂರು, ಆ ಊರಿಗೊಬ್ಬ ಸಾಹುಕಾರ. ಅವನ ಸಂಪತ್ತೆಲ್ಲ ಕುದುರೆ. ಯಾತ್ರಿಕರನ್ನ ಹೊರೋ ಕುದುರೆ, ಸಾಮಾನು ಹೊರೋ ಕುದುರೆ, ಅವನ ಲಾಯದಲ್ಲಿ ಇಲ್ಲದ ಕುದುರೆ ಇಲ್ಲ. ಕುದುರೆ ವಿಷಯದಲ್ಲಿ ಅವನನ್ನ ಮೀರಿಸೋರು ಆ ಸೀಮೇಲೇ ಇರಲಿಲ್ಲ. ಬೆನ್ನ ಮೇಲೆ ಒಂದು ಸಲ ಅಂಗೈ ಆಡಿಸಿದ್ರೆ ಸಾಕು, ಇದಕ್ಕೆ ಎಲ್ಲಿ ನೋವು, ಯಾವ ಜೀನು ಹೊಂದುತ್ತೆ, ಎಲ್ಲಾ ಹೇಳಿಬಿಡೋನು.

ಚಳಿಗಾಲ ಬಂತು ಅಂದ್ರೆ ಆ ಊರಿನ ಕೆರೆ ನೀರು ಕಲ್ಲಾಗುತ್ತೆ. ನಮ್ಮ ಹುಡುಗರು ಕೆರೆ ಬತ್ತಿದ ಮೇಲೆ ಕ್ರಿಕೆಟ್ ಆಡ್ತಾರೆ, ಆ ಮಕ್ಕಳು ತುಂಬಿದ ಕೆರೆ ಮೇಲೇ ಆಡ್ತಾರೆ! ಏನಾಟ? ಐಸ್ ಹಾಕಿ. ಕೈಯಲ್ಲಿ ಬಾಗಿದ ಕೋಲು, ಕಾಲಲ್ಲಿ ಸ್ಕೇಟು. ಸ್ಕೇಟು ಅಂದ್ರೆ ಗಟ್ಟಿ ಬೂಟು, ಅದರ ಅಡೀಲಿ ಚಾಕುವಿನ ಅಲಗಿನಂಥ ಉಕ್ಕಿನ ಪಟ್ಟಿ. ಆ ಅಲಗಿನ ಮೇಲೆ ಜರ್ ಅಂತ ಜಾರ್ಕೊಂಡು ಹೋಗಿ, ಒಂದು ಕರೀ ರಬ್ಬರ್ ಬಿಲ್ಲೆಯನ್ನ ಎದುರಾಳಿ ಬಲೆಗೆ ಹೊಡೀಬೇಕು. ನಾನೊಂದು ಸಲ ಯಾತ್ರೆಗೆ ಹೋದಾಗ ಕಣ್ಣಾರೆ ನೋಡಿದೀನಿ. ಕಾವಿ ಉಟ್ಟಿದೀನಿ ಅನ್ನೋದೂ ಮರೆತು ಶಿಳ್ಳೆ ಹಾಕೋದೊಂದು ಬಾಕಿ ಇತ್ತು, ನಗಬೇಡಿ!

ಸಾಹುಕಾರನಿಗೆ ಒಬ್ಬಳೇ ಮಗಳು, ಹದಿನೈದು ತುಂಬಿತ್ತು. ಈ ಆಟ ಅಂದ್ರೆ ಪ್ರಾಣ. ನೆಲದ ಮೇಲೆ ಓಡಿದ್ರೆ ಊರಲ್ಲಿ ಅವಳನ್ನ ಹಿಡಿಯೋರೇ ಇಲ್ಲ. ಅವಳದ್ದು ಒಂದೇ ತೊಂದರೆ, ಕಾಲು. ಅಜ್ಜಿಯಿಂದ ಬಂದಿದ್ದು. ಮುಂದೆ ಬೆರಳುಗಳ ಹತ್ತಿರ ಮೊರದಷ್ಟು ಅಗಲ, ಹಿಂದೆ ಹಿಮ್ಮಡಿ ಸಣ್ಣ. ಕಣಕಾಲಿನ ಮೂಳೆ ಎದ್ದು ಕಾಣೋದು. ಅದೂ ಸಾಲದು ಅಂತ ಬಲಗಾಲು ಎಡಗಾಲಿಗಿಂತ ಅರ್ಧ ಬೆರಳು ಉದ್ದ. ಬ್ರಹ್ಮ ಎರಡು ಕಾಲನ್ನ ಎರಡು ದಿನ ಮಾಡಿರಬೇಕು!

ಹದಿನೈದು ದಿನಕ್ಕೆ ಕೆಳಗಿನೂರಿನ ಹುಡುಗಿಯರ ಜೊತೆ ಪಂದ್ಯ ಅಂತ ನಿಗದಿಯಾಯ್ತು. ಹಿಂದಿನ ವರ್ಷ ಇವರು ಹೀನಾಯವಾಗಿ ಸೋತಿದ್ರು. ತಂಡದಲ್ಲಿ ಒಂದೇ ಒಂದು ಜಾಗ ಖಾಲಿ. ಆಟ ಕಲಿಸೋ ಮೇಷ್ಟ್ರು ಸಾಹುಕಾರನ ಮಗಳಿಗೆ ಹೇಳಿದ್ರು: "ನಿನ್ನಷ್ಟು ವೇಗ ಯಾರಿಗೂ ಇಲ್ಲಮ್ಮ. ಆದ್ರೆ ಬಾಡಿಗೆ ಸ್ಕೇಟಲ್ಲಿ ಎರಡು ಹೆಜ್ಜೆಗೊಂದು ಸಲ ಬೀಳ್ತೀಯ. ಕಾಲಿಗೆ ಸರಿಯಾದ ಜೋಡು ತಗೊಂಡು ಬಾ, ಜಾಗ ನಿನ್ನದು."

ಮಗಳು ಓಡಿಬಂದು ಅಪ್ಪನಿಗೆ ಹೇಳಿದ್ಲು. ಅಪ್ಪ ಏನು ಕಡಿಮೆಯೋನಾ? ಆಗಲೇ ಪಟ್ಟಣಕ್ಕೆ ಫೋನು. "ಅತ್ಯುತ್ತಮವಾದದ್ದು ಕಳಿಸ್ರೀ!" ನಂಬರ್ ಎಷ್ಟು ಸಾರ್ ಅಂತ ಅಂಗಡಿಯವರು ಕೇಳಿದ್ರು. ಮಗಳ ಶಾಲೆ ಬೂಟಿನ ನಂಬರ್ ಹೇಳಿದ. ಅಷ್ಟಕ್ಕೇ ನಿಲ್ಲಿಸಿದ್ನಾ? "ಬೆಳೆಯೋ ಕಾಲು, ಒಂದು ನಂಬರ್ ದೊಡ್ಡದೇ ಕಳಿಸಿ" ಅಂದ. ಯಾಕೆ ನಗ್ತೀರಿ? ಜೂನ್ ತಿಂಗಳು ಬಂದ್ರೆ ನೀವು ಮಾಡೋದೂ ಇದೇ ತಾನೇ? ಮೂರು ವರ್ಷ ಬರಲಿ ಅಂತ ಯೂನಿಫಾರಂ ಹೊಲಿಸಿ, ಮಗು ಅದರೊಳಗೆ ಎಲ್ಲಿದೆ ಅಂತ ಹುಡುಕ್ತೀರಲ್ಲ!

ಬಂತು ಬೂಟು. ಕಾಲು ಒಳಗೆ ಗಲಗಲ ಅಲ್ಲಾಡ್ತು. ಅಪ್ಪನ ಹತ್ತಿರ ಅದಕ್ಕೂ ಮದ್ದಿತ್ತು, ಎರಡು ಜೊತೆ ಉಣ್ಣೆ ಕಾಲುಚೀಲ. ಕೆರೆ ಮೇಲೆ ನಿಂತಳು, ಹಿಮ್ಮಡಿ ಮೇಲೆದ್ದು ಪಾದ ಒಳಕ್ಕೆ ವಾಲಿತು. ಧೊಪ್ ಅಂತ ಬಿದ್ದಳು.

ಎರಡನೇ ಜೊತೆ ಬಂತು. ದೊಡ್ಡ ದೊಡ್ಡ ಆಟಗಾರರು ಹಾಕೋ ಮಾದರಿಯಂತೆ. ಹಿಮ್ಮಡಿಯನ್ನ ಸರಿಯಾಗಿ ಹಿಡೀತು, ಆದ್ರೆ ಮುಂದೆ ಅಗಲ ಸಾಲದು. ಬೆರಳೆಲ್ಲ ಜೋಮು ಹಿಡಿದು, ಕಣಕಾಲಿನ ಮೂಳೆ ಹತ್ತಿರ ಗುಳ್ಳೆ ಎದ್ದು ಒಡೀತು. ಮೂರನೇ ಜೊತೆ? ಪಕ್ಕದ ಮನೆ ಹುಡುಗಿ ಹಾಕೋವಂಥದ್ದೇ! ಅವಳು ಅದರಲ್ಲಿ ಹಕ್ಕಿ ಹಾಗೆ ಹೋಗ್ತಾಳೆ, ಇವಳಿಗೆ ಹತ್ತು ನಿಮಿಷ ನಿಲ್ಲೋಕಾಗಲಿಲ್ಲ, ಇದೂ ಕಚ್ಚುತ್ತೆ ಅಪ್ಪಾಜಿ ಅಂದಳು. ಆಗ ಸಾಹುಕಾರನ ಬಾಯಿಂದ ಆ ಮಾತು ಬಂತು ನೋಡಿ. ನಿಮ್ಮ ಮನೇಲೂ ಬರುತ್ತೆ, ನಮ್ಮ ಮಠದಲ್ಲೂ ಬರುತ್ತೆ.

"ಊರಿಗೆಲ್ಲ ಸರಿ ಹೋಗಿದ್ದು ನಿನಗೇನು ಧಾಡಿ?"

ಮರುದಿನ ಹುಡುಗಿ ಅದನ್ನೇ ಹಾಕ್ಕೊಂಡು, ಹಲ್ಲು ಕಚ್ಚಿ ಆಡೋಕೆ ಹೋದಳು. ಸಾಹುಕಾರ ದಂಡೆ ಮೇಲೆ ಕೂತು ನೋಡ್ತಿದ್ದ. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಕೊನೆಗೆ ತೆವಳಿಕೊಂಡು ದಂಡೆಗೆ ಬಂದು ಬೂಟು ಬಿಚ್ಚಿದಾಗ ಬಿಳೀ ಕಾಲುಚೀಲ ಕೆಂಪಾಗಿತ್ತು. ಅಪ್ಪ ಹತ್ತಿರ ಬಂದ. ಮಗಳು ಗಬಕ್ಕನೆ ಎರಡೂ ಕಾಲನ್ನ ಶಾಲಿನೊಳಗೆ ಮುಚ್ಚಿಟ್ಟುಕೊಂಡಳು, ಕದ್ದ ಮಾಲಿನ ಹಾಗೆ.

"ಬಿಟ್ಟುಬಿಡ್ತೀನಿ ಅಪ್ಪಾಜಿ. ಬೂಟೆಲ್ಲ ಸರಿಯಾಗೇ ಇದೆ. ನನ್ನ ಕಾಲೇ ಸರಿ ಇಲ್ಲ."

ಅಮ್ಮಂದಿರೇ, ಆ ಮಾತು ಕೇಳಿ ಸಾಹುಕಾರನಿಗೆ ಎದೆಗೆ ಒದ್ದ ಹಾಗಾಯ್ತು. ಬೂಟು ತರೋಕೆ ಹೋಗಿ ತಾನು ಮಗಳಿಗೆ ಏನು ತಂದುಕೊಟ್ಟೆ? ಅವಳ ಮೈಮೇಲೆ ಅವಳಿಗೇ ಅಸಹ್ಯ ತಂದುಕೊಟ್ಟೆನಾ? ಪಂದ್ಯಕ್ಕೆ ಇನ್ನು ನಾಲ್ಕೇ ದಿನ. ಮೂರೂ ಜೊತೆ ಸ್ಕೇಟು ಎತ್ಕೊಂಡು ಸೀದಾ ಜೀನು ಹೊಲಿಯೋ ಅಜ್ಜಿ ಮನೆಗೆ ನಡೆದ. ಅವನ ಕುದುರೆಗಳ ಜೀನೆಲ್ಲ ಆ ಅಜ್ಜಿ ಕೈಯದ್ದೇ. ಊರಲ್ಲಿ ಚರ್ಮದ ವಿಷಯ ಗೊತ್ತಿದ್ದೋಳು ಅವಳೊಬ್ಬಳೇ.

"ಅಜ್ಜೀ, ಇವನ್ನ ಬಡಿದೋ ಎಳೆದೋ ಸರಿ ಮಾಡಿಕೊಡು" ಅಂದ.

ಅಜ್ಜಿ ಸ್ಕೇಟು ನೋಡಲೇ ಇಲ್ಲ. "ಕಾಲೆಲ್ಲಿ?" ಅಂದಳು.

"ಕಾಲು... ಮನೇಲಿದೆ."

"ಸಾವ್ಕಾರ್ರೇ, ನೀವು ಜೀನು ಮಾಡಿಸೋಕೆ ಬಂದಾಗ ಯಾವತ್ತಾದ್ರೂ ಕುದುರೆ ಮನೇಲಿ ಬಿಟ್ಟು ಬಂದಿದ್ದುಂಟಾ?"

ಸಾಹುಕಾರ ಕೈಯಲ್ಲಿದ್ದ ಸ್ಕೇಟುಗಳನ್ನ ಕೆಳಗಿಟ್ಟ.

"ಒಂದು ಕುದುರೆ ಜೀನು ಇನ್ನೊಂದರ ಮೇಲೆ ಹಾಕೋಕೆ ಬಿಡ್ತೀರಾ? ಹೋದ ವರ್ಷ ಯಾರೋ ಹಾಕಿದ ಅಂತ ಕೆಲಸದಿಂದಲೇ ತೆಗೆದಿರಿ. ಬೆನ್ನು ಹುಣ್ಣಾಗುತ್ತೆ, ಮೂಕ ಪ್ರಾಣಿ, ಹೇಳೋಕೆ ಬಾಯಿಲ್ಲ ಅಂತ ಕೂಗಾಡಿದ್ರಿ. ಕುದುರೆ ಬೆನ್ನು ದಿನಕ್ಕೆ ಹತ್ತು ಸಲ ಸವರ್ತೀರಲ್ಲ, ಮಗಳ ಕಾಲು ಎಷ್ಟು ಸಲ ಮುಟ್ಟಿ ನೋಡಿದೀರಿ?"

ಅಬ್ಬಬ್ಬಾ! ಅಜ್ಜಿ ಬಾಯೋ ಚಾವಟಿಯೋ! ಮುಟ್ಟಿದ್ದ, ಅವಳು ತೊಟ್ಟಿಲಲ್ಲಿದ್ದಾಗ. ಆಮೇಲೆ ಒಂದು ಸಲವೂ ಇಲ್ಲ. ಸಾಹುಕಾರ ಬಂದ ದಾರೀಲೇ ಓಡಿದ. ರುಮಾಲು ಬಿದ್ದಿದ್ದೂ ಗೊತ್ತಾಗಲಿಲ್ಲ. ಮಗಳು ಬರಲ್ಲ ಅಂದಳು, ಇವನು ಬಿಡಲಿಲ್ಲ. "ಕಾಲಿಗೆ ಬೈಯೋಕಲ್ಲಮ್ಮ, ನನಗೆ ಬೈಸೋಕೆ ಬಾ" ಅಂತ ಕರ್ಕೊಂಡು ಬಂದ.

ಸಂಜೆಯಾಗಿತ್ತು. ಅಜ್ಜಿ ನೆಲದ ಮೇಲೆ ಕಾಗದ ಹಾಸಿ ಹುಡುಗಿಯನ್ನ ನಿಲ್ಲಿಸಿದ್ಲು. "ಸಂಜೆ ಹೊತ್ತೇ ಒಳ್ಳೇದು, ನಡೆದು ನಡೆದು ಪಾದ ಅಗಲವಾಗಿರುತ್ತೆ. ಕೂತಾಗಿನ ಪಾದ ಬೇರೆ, ಮೈಭಾರ ಬಿಟ್ಟು ನಿಂತಾಗಿನ ಪಾದ ಬೇರೆ." ಆಮೇಲೆ ಪೆನ್ಸಿಲ್ ತೆಗೆದು ಅಪ್ಪನ ಕೈಗೆ ಕೊಟ್ಟಳು. "ನೀವೇ ಬರೀರಿ."

ಊರೆಲ್ಲ ಬಂದು ಕಾಲಿಗೆ ಬೀಳೋ ಸಾಹುಕಾರ ಮೊಣಕಾಲೂರಿ ಕೂತ. ಮಗಳ ಪಾದದ ಸುತ್ತ ಗೀಟು ಎಳೆದ. ಅಂಗೈಯಲ್ಲಿ ಹಿಮ್ಮಡಿ ಹಿಡಿದ. ಎಷ್ಟು ಸಣ್ಣ ಇದೆ! ಬೆರಳುಗಳ ಬುಡ ಸವರಿದ. ಎಷ್ಟು ಅಗಲ! ಕಣಕಾಲಿನ ಮೂಳೆ ಮುಟ್ಟಿದಾಗ ಮಗಳು ಸ್ಸ್ ಅಂದಳು. ನೂರು ಕುದುರೆಗಳ ಬೆನ್ನು ಓದಿದ್ದ ಆ ಕೈ ಮೊದಲನೇ ಸಲ ಮಗಳ ಕಾಲು ಓದ್ತಾ ಇತ್ತು. ಗಾಯ ನೋಡಿ ಅವನ ಕಣ್ಣಲ್ಲಿ ನೀರು ಬಂತು. "ಇಷ್ಟು ನೋವಿತ್ತೇನಮ್ಮ? ಹೇಳಬಾರದಾ?" ಅಂದ.

"ಹೇಳಿದ್ದೆ ಅಪ್ಪಾಜಿ. ನೀವು ಊರಿನ ಲೆಕ್ಕ ಹೇಳಿದ್ರಿ."

ಇನ್ನು ಅಜ್ಜಿ ಕೆಲಸ ನೋಡಿ! ಮೂರು ಜೋಡಲ್ಲಿ ಎರಡನೇದನ್ನ ಎತ್ತಿಕೊಂಡಳು. "ಹಿಮ್ಮಡಿಯನ್ನ ಹಿಡಿಯೋದನ್ನೇ ಆರಿಸ್ಬೇಕು. ಹಿಮ್ಮಡಿ ಸಡಿಲಾದ್ರೆ ಮದ್ದಿಲ್ಲ, ಬೆರಳ ಕಡೆ ಬಿಗಿಯಾದ್ರೆ ಉಪಾಯ ಇದೆ. ಉದ್ದಗಾಲು, ಅದೇ ಬಲಗಾಲು, ಒಳಗೆ ನೆಟ್ಟಗೆ ಹೋಗುತ್ತಾ? ಬೆರಳ ತುದಿ ಮುಂದೆ ಸ್ವಲ್ಪ ಸೋಕುತ್ತಾ? ಅಷ್ಟಿದ್ರೆ ಸಾಕು." ಹುಡುಗಿ ಹಾಕ್ಕೊಂಡು ಬಂದಿದ್ದ ಎರಡು ಜೊತೆ ಉಣ್ಣೆ ಕಾಲುಚೀಲವನ್ನ ಮೂಲೆಗೆ ಎಸೆದು ತೆಳುವಾದದ್ದು ಒಂದು ಹಾಕಿಸಿದ್ಲು. ನೋವಿರೋ ಕಡೆಯೆಲ್ಲ, ಮೂಳೆ ಮೇಲೆ, ಕಿರುಬೆರಳ ಬದಿಗೆ, ಆ ಕಾಲುಚೀಲದ ಹೊರಗೇ ಕಾಡಿಗೆ ಹಚ್ಚಿದ್ಲು. ಕಾಲು ಒಳಗೆ ಹಾಕಿಸಿ ಹೊರಗೆ ತೆಗೆಸಿದ್ರೆ, ಬೂಟಿನ ಒಳಗೆ ಕರೀ ಬೊಟ್ಟುಗಳು! ಕಚ್ಚೋ ಜಾಗಕ್ಕೆಲ್ಲ ಗುರುತು ಸಿಕ್ಕಿಬಿಡ್ತಲ್ಲ! ಹುಡುಗಿ ಅಳು ಮರೆತು ಕಿಸಕ್ಕನೆ ನಕ್ಕಳು.

ಹುರಿದ ಉಪ್ಪನ್ನ ಬಟ್ಟೇಲಿ ಗಂಟು ಕಟ್ಟಿ ಬೂಟಿನೊಳಗಿಟ್ಟು ಅಜ್ಜಿ ಅದನ್ನ ಬೆಚ್ಚಗೆ ಮಾಡಿದ್ಲು, ಸ್ವಲ್ಪ ಮೆತ್ತಗಾಯ್ತು. ಆ ಕರೀ ಬೊಟ್ಟಿದ್ದ ಕಡೆ ಜೀನು ಉಬ್ಬಿಸೋ ಮರದ ಗುಂಡು ಇಟ್ಟು ಮೆಲ್ಲಗೆ ಹೊರಕ್ಕೆ ಒತ್ತಿದ್ಲು. ಮತ್ತೆ ಕಾಲು ಹಾಕಿಸಿ, ಹಿಮ್ಮಡಿಯನ್ನ ಹಿಂದಕ್ಕೆ ಗುದ್ದಿಸಿ, ಲೇಸನ್ನ ಬೆರಳ ಕಡೆ ಸಡಿಲ, ಕಣಕಾಲ ಕಡೆ ಬಿಗಿ ಕಟ್ಟಿಸಿದ್ಲು. "ಬೂಟು ತಣ್ಣಗಾಗೋವರೆಗೂ ಏಳಬೇಡ" ಅಂದಳು. ಆಮೇಲೆ ಅಪ್ಪನ ಕಡೆ ತಿರುಗಿ: "ಕೇಳಿ, ಎಲ್ಲಿ ಕಚ್ಚುತ್ತೆ ಅಂತ."

"ಎಲ್ಲಿ ಕಚ್ಚುತ್ತಮ್ಮ?"

"ಎಡಗಾಲು ಕಿರುಬೆರಳು, ಇಲ್ಲಿ." ಮತ್ತೆ ಒತ್ತಿದ್ಲು ಅಜ್ಜಿ. "ಈಗ?" "ಈಗ ಸ್ವಲ್ಪ." ಮತ್ತೆ ಒತ್ತಿದ್ಲು. ಹೀಗೆ ಮೂರು ಸಂಜೆ, ಒಂದೇ ಕೆಲಸ, ಒಂದೇ ಪ್ರಶ್ನೆ. ಮೂರನೇ ಸಂಜೆ ಸಾಹುಕಾರ "ಎಲ್ಲಿ ಕಚ್ಚುತ್ತಮ್ಮ?" ಅಂದಾಗ ಹುಡುಗಿ ಕಣ್ಣು ಮುಚ್ಚಿ ಬೆರಳಾಡಿಸಿದ್ಲು. ಕಣ್ಣು ಬಿಟ್ಟಳು. ಅಪ್ಪನ ಕೊರಳಿಗೆ ಜೋತುಬಿದ್ದಳು. "ಎಲ್ಲೂ ಇಲ್ಲ ಅಪ್ಪಾಜಿ! ಎಲ್ಲೂ ಇಲ್ಲ!"

ಪಂದ್ಯದ ದಿನ! ಕೆರೆ ಸುತ್ತ ಜನವೋ ಜನ. ಬೆಳಿಗ್ಗೆ ಅಭ್ಯಾಸದಲ್ಲಿ ಮೇಷ್ಟ್ರು ಅವಳನ್ನ ನೋಡಿದ್ರು, ಒಂದು ಸುತ್ತು ಸಾಕಾಯ್ತು. ಜಾಗ ಸಿಕ್ತು. ಇಳಿದಳು ನೋಡಿ! ಬಿಲ್ಲಿಂದ ಬಿಟ್ಟ ಬಾಣ! ಹೋದಳು, ತಿರುಗಿದಳು, ಗಕ್ಕನೆ ನಿಂತಳು, ಮತ್ತೆ ಹೋದಳು. ಕೆಳಗಿನೂರಿನವರು ಒಂದು ಗೋಲು ಹೊಡೆದ್ರು, ಇವರೊಂದು ಹೊಡೆದ್ರು, ಸಮ ಸಮ. ಕೊನೇ ನಿಮಿಷ. ಬಿಲ್ಲೆ ಇವಳ ಕೋಲಿಗೆ ಬಂತು. ಎದುರಿಗೆ ಇಬ್ಬರು. ನಾಲ್ಕು ದಿನದ ಹಿಂದಿನ ಹುಡುಗಿಯೇ ಆಗಿದ್ರೆ ಇಲ್ಲೇ ಬೀಳ್ತಿದ್ದಳು. ಇವಳು ಬಲಗಾಲ ಅಲಗಿನ ಮೇಲೆ ಇಡೀ ಮೈ ವಾಲಿಸಿ, ಇಬ್ಬರ ನಡುವೆ ನುಸುಳಿ, ಪಕ್ಕದ ಮನೆ ಹುಡುಗಿ ಕಡೆ ಬಿಲ್ಲೆ ತಳ್ಳಿದ್ಲು. ಅವಳು ಬಾರಿಸಿದ್ಲು. ಗೋಲು! ಬೆಟ್ಟಕ್ಕೆ ಬೆಟ್ಟವೇ ಕೂಗಿತು.

ಪಕ್ಕದಲ್ಲಿ ನಿಂತಿದ್ದೋನು ಸಾಹುಕಾರನ ಭುಜ ಹಿಡಿದು ಅಲ್ಲಾಡಿಸಿದ. "ಸಾವ್ಕಾರ್ರೇ, ಯಾವ ಕಂಪನಿ ಬೂಟ್ರೀ ಅದು? ನನ್ನ ಮಗಳಿಗೂ ಅದೇ ತರ್ತೀನಿ!"

ಸಾಹುಕಾರ ಅಳ್ತಾ ನಗ್ತಾ ಕೂಗಿದ: "ಬೂಟು ಬಿಡ್ರೀ! ಮೊದಲು ಮನೆಗೆ ಹೋಗಿ ನಿಮ್ಮ ಮಗಳ ಕಾಲು ನೋಡ್ರೀ, ಕಾಲು!"

ಕಥೆ ಅಲ್ಲಿಗೆ ಬಿಡ್ತೀನಿ. ಈಗ ನಿಮ್ಮ ಸರದಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದಾರೆ, ಒಪ್ಪೋಣ. ಬೂಟು ಇದ್ದಷ್ಟೇ ಕಾಲು ಇರಲಿ ಅಂತ ಯಾವ ಹಿರಿಯರು ಹೇಳಿದಾರೆ? ಮೊನ್ನೆ ಒಬ್ಬರು ಮಗನನ್ನ ಕರ್ಕೊಂಡು ಮಠಕ್ಕೆ ಬಂದಿದ್ರು. ಏನು ಓದ್ತೀಯಪ್ಪಾ ಅಂತ ಹುಡುಗನನ್ನ ಕೇಳಿದೆ, ಅಪ್ಪ ಹೇಳಿದ್ರು. ಏನು ಇಷ್ಟ ಅಂದೆ, ಅದಕ್ಕೂ ಅಪ್ಪನೇ ಉತ್ತರ. ಕೊನೆಗೆ ನಿನ್ನ ಹೆಸರೇನು ಅಂದೆ, ಅದನ್ನೂ ಅಪ್ಪನೇ ಹೇಳಬೇಕಾ? ಹೇಳಿದ್ರು! ಸೊಸೆ ಬಂದು ಮೂರು ತಿಂಗಳಾಗಿರಲ್ಲ, ನಮ್ಮನೇಲಿ ಎಲ್ಲರೂ ಹೀಗೇ ಇದ್ದು ಬಂದಿದೀವಿ, ನಿನಗೇನು ಧಾಡಿ ಅಂತೀವಿ. ಅವಳು ಕಾಲು ಶಾಲಿನೊಳಗೆ ಮುಚ್ಚಿಟ್ಟುಕೊಳ್ತಾಳೆ. ಸದ್ಯ, ಈಗ ಸುಮ್ಮನಾದ್ಲು, ಹೊಂದಿಕೊಂಡ್ಲು ಅಂತ ನಾವು ಖುಷಿ ಪಡ್ತೀವಿ.

ನಿಮಗೆ ಮಾತ್ರ ಬೈತಿದೀನಿ ಅನ್ಕೋಬೇಡಿ. ನಮ್ಮ ಮಠದ ಅಡುಗೆ ಶಿವಗಂಗಮ್ಮ ಗೊತ್ತಲ್ಲ, ಕುಳ್ಳಗಿದಾಳೆ. ಅಡುಗೆ ಮನೆ ಒಲೆ ಕಟ್ಟೆ ಕಟ್ಟಿಸಿದ್ದು ಮೊದಲಿದ್ದ ಆರಡಿ ಭಟ್ಟರ ಅಳತೆಗೆ. ಈ ಕಥೆ ಹೇಳಬೇಕು ಅಂತ ನಿನ್ನೆ ಯೋಚಿಸ್ತಾ ಅಡುಗೆ ಮನೆಗೆ ಹೋದೆ. ಎಣ್ಣೆ ಡಬ್ಬ ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು ನಿಮ್ಮೆಲ್ಲರಿಗೂ ಸಾರು ಕುದಿಸ್ತಿದ್ಲು. ಎಷ್ಟು ವರ್ಷದಿಂದ? ಎಂಟು ವರ್ಷದಿಂದ! ಯಾಕಮ್ಮ ಹೇಳಲಿಲ್ಲ ಅಂದೆ.

"ಯಾರೂ ಕೇಳಲಿಲ್ಲವಲ್ಲ ಬುದ್ಧೀ" ಅಂದಳು.

ಎಂಟು ವರ್ಷ ಆ ಕೈಯ ಅನ್ನ ಉಂಡು, ಈ ಪೀಠದ ಮೇಲೆ ಕೂತು ನಿಮಗೆ ದಯೆ ಬಗ್ಗೆ ಹೇಳಿದೀನಿ. ನಾಚಿಕೆಯಾಯ್ತು ಕಣ್ರಪ್ಪಾ. ಇವತ್ತು ಬೆಳಿಗ್ಗೆ ಗಾರೆಯವರನ್ನ ಕರೆಸಿ ಆ ಕಟ್ಟೆ ಒಡೆಸಿದೀನಿ. ಅವಳು ನಿಂತು ಕೈ ಚಾಚಿದ ಎತ್ತರಕ್ಕೆ ಹೊಸದು ಏಳ್ತಿದೆ. ಅದಕ್ಕೇ ಇವತ್ತು ಪ್ರಸಾದ ತಡ. ಯಾರೂ ಗೊಣಗಬೇಡಿ.

ಹೊರಗೆ ನಿಮ್ಮ ಚಪ್ಪಲಿಗಳು ರಾಶಿ ಬಿದ್ದಿವೆ. ಹೋಗೋವಾಗ ಕತ್ತಲಾದ್ರೂ ಬೇರೆಯವರ ಚಪ್ಪಲೀಲಿ ಕಾಲಿಟ್ಟ ತಕ್ಷಣ ನಿಮಗೆ ಗೊತ್ತಾಗುತ್ತೆ, ಇದು ನನ್ನದಲ್ಲ ಅಂತ. ನಿಮ್ಮ ಕಾಲಿಗೆ ಅಷ್ಟು ಮರ್ಯಾದೆ ಕೊಡ್ತೀರಲ್ಲ, ಮನೆಯವರ ಕಾಲಿಗೂ ಕೊಡಿ. "ನಿನಗೇನು ಧಾಡಿ" ಅನ್ನೋ ಮಾತನ್ನ ಇವತ್ತು ಆ ಬಾಗಿಲ ಹತ್ತಿರವೇ ಬಿಟ್ಟು ಹೋಗಿ. ಮನೆಗೆ ಹೋದ ಮೇಲೆ ಒಬ್ಬರ ಪಕ್ಕ ಕೂತ್ಕೊಳ್ಳಿ. ಮಗನೋ, ಸೊಸೆಯೋ, ಮೂವತ್ತು ವರ್ಷದಿಂದ ಜೊತೇಲಿರೋ ಹೆಂಡತಿಯೋ. ಒಂದೇ ಒಂದು ಮಾತು ಕೇಳಿ: "ನಿನಗೆ ಎಲ್ಲಿ ಕಚ್ಚುತ್ತೆ?"

ಕೇಳಿ, ಉತ್ತರ ಬರೋವರೆಗೂ ಬಾಯಿ ಮುಚ್ಕೊಂಡು ಕೂತಿರಿ.