ಅಕ್ಕಿ ಡಬ್ಬಿಯಲ್ಲಿದ್ದ ಟೇಪು

ಫಿಲಿಪ್ಪೀನ್ಸಿನ ಇಲೋಯಿಲೋ ಪೇಟೆಯಲ್ಲಿ ಹಳೆಯ ವಿಡಿಯೋ ಟೇಪುಗಳನ್ನು ಸೀಡಿಗೆ ಇಳಿಸಿಕೊಡುವ ಅಂಗಡಿಯಲ್ಲಿ, ಮಗನ ಜ್ಞಾನಸ್ನಾನದ ಟೇಪು ಹಿಡಿದು ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸನ್ನು ಅಂಗಡಿಯವನು ನೋಡಿದವನೇ ನಕ್ಕ. ನಮ್ಮ ಕಡೆ ತಾಯಿ ವಯಸ್ಸಿನವರನ್ನು ‘ನಾನಾಯ್’ ಅಂತ, ಮಗನ ವಯಸ್ಸಿನವರನ್ನು ‘ತೊತೊ’ ಅಂತ ಕರೆಯುತ್ತಾರೆ.

“ನಾನಾಯ್ ಲಿಬ್ರಾದಾ, ಇದನ್ನ ಎಲ್ಲಿಟ್ಟಿದ್ರಿ? ಒಳಗೆಲ್ಲ ತೌಡು!”

“ಅಕ್ಕಿ ಡಬ್ಬೀಲಿ, ತೊತೊ. ನಮ್ಮನೇಲಿ ತೇವ ಹತ್ತದ ಜಾಗ ಅದೊಂದೇ.”

“ಇಪ್ಪತ್ತು ವರ್ಷದ ಟೇಪು ಅಂದ್ರೆ ಬೂಷ್ಟು ಹಿಡಿದೇ ಬರುತ್ತೆ. ಇದರಲ್ಲಿ ಒಂದು ಚುಕ್ಕೆ ಇಲ್ಲ! ತೌಡನ್ನ ಹತ್ತಿಯಲ್ಲಿ ಒರೆಸೋಕೆ ಮಾತ್ರ ಎರಡು ದಿನ ಹಿಡೀತು.”

“ಎರಡು ದಿನ! ಹೆಂಡ್ತಿ ಬೈಲಿಲ್ವೇನೋ?”

“ಅವಳೂ ಕೂತು ಒರೆಸಿದ್ಲು. ಆದ್ರೂ ಒಂದು ಕಡೆ ಉಳಿಸೋಕಾಗ್ಲಿಲ್ಲ. ನಿಮ್ಮ ಯಜಮಾನ್ರು ಹಡಗಿನ ಮೇಲೆ ನಿಂತು ಹಾಡ್ತಾರಲ್ಲ, ಅಲ್ಲಿ.”

“ಹೋಗ್ಲಿ ಬಿಡು, ಎಮ್ಮೆ ಕೂಗಿದಂಗೆ ಹಾಡ್ತಿದ್ರು. ಮಗು ಹೆಸರು ಹಿಡಿದು ಕರೀತಾರಲ್ಲ, ಅದು?”

“ಇದೆ ನಾನಾಯ್. ಮೂರು ಸಲ ‘ಲಿಗಾಯಾ’ ಅಂತಾರೆ. ಪಕ್ಕದಲ್ಲೇ ಕೂತು ಕರೆದಂಗಿದೆ.”

ಅವರು ಮೇಜಿನ ಮೇಲಿದ್ದ ಸೀಡಿಯನ್ನು ಎತ್ತಿಕೊಂಡರು.

“ಹಾಕಿ ತೋರಿಸ್ಲಾ?”

“ಬೇಡಪ್ಪ. ಅವರು ಈ ಟೇಪು ಮನೆಗೆ ಕಳಿಸಿದ ಮೇಲೆ ಹಡಗು ಮುಳುಗಿದಾಗ ಮಗಳಿಗೆ ಮೂರು ತಿಂಗಳು. ಟೇಪು ನೋಡೋ ಮೆಷಿನ್ನು ಅವಳು ಮಾತು ಕಲಿಯೋ ಮುಂಚೇನೇ ಕೆಟ್ಟೋಯ್ತು. ನಾನು ಅವರ ದನಿ ಬೇಕಾದಷ್ಟು ಕೇಳಿದ್ದೀನಿ. ಇದನ್ನ ಮೊದಲು ಅವಳು ಕೇಳ್ಲಿ.”

“ಹಾಗೇ ಆಗ್ಲಿ ನಾನಾಯ್.”

ಸೀಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರಿಂದ ಅವರಿಗೆ ಬಾಗಿಲು ತೆಗೆಯಲಾಗಲಿಲ್ಲ. ಅಂಗಡಿಯವನು ಎದ್ದು ಬಂದು ತೆಗೆದ. ಅವರು ರಸ್ತೆ ದಾಟುವವರೆಗೂ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದ.