ಟಿಕ್ ಅನ್ನದ ವಾಚು

...ಅಲ್ಲ ಅಬ್ಬಾ, ಹಂಪಯ್ಯಣ್ಣಂದು ಸೆಲ್ ವಾಚಲ್ಲ! ಎಷ್ಟು ಸಲ ಹೇಳ್ಲಿ ನಿನಗ? ಸೆಲ್ಲೇ ಇಲ್ಲ ಅದರಾಗ! ನಾನು ಬಿಚ್ಚಿ ನೋಡೀನಿ, ನನ್ನ ಕಣ್ಣಿಲೇ ನೋಡೀನಿ. ಯಾಕ ನಗ್ತಿ? ನಗಬ್ಯಾಡ. ಸಾಲಿ ಬಿಟ್ಟಾಗಿಂದ ಇದೇ ಅಂಗಡ್ಯಾಗ, ನಿನ್ನ ಮೇಜಿನ ಬಾಜೂಕ ಕುಂತಾಕಿ ನಾನು. ಸೆಲ್ ಯಾವುದು ಸ್ಪ್ರಿಂಗ್ ಯಾವುದು ತಿಳಿಯಂಗಿಲ್ಲೇನು ನನಗ?

ಆ ಅಲಾರಂ ಗಡಿಯಾರ ಕೆಳಗಿಡು. ಆಮ್ಯಾಲ ಒರೆಸೀಯಂತ. ಇನ್ನೇನು ಹಂಪಯ್ಯಣ್ಣ ಬರೋ ಹೊತ್ತಾತು. ಒಬ್ಬರೇ ಅಲ್ಲ, ತಮ್ಮ ದೋಸ್ತ್ ಮೈಲಾರಪ್ಪನ್ನ ಕರ್ಕೊಂಡು ಬರ್ತಾರ. ಆ ಮನಶ್ಯಾಗೂ ಅಂಥದ್ದೇ ಜಪಾನಿ ವಾಚೈತಂತ, ಅದೂ ನಿಂತೈತಂತ. ವಾಚು ಬಿಟ್ಟು ಹೋಗಂಗಿಲ್ಲಂತ, ಎಲ್ಲೋ ಒಂದು ಕಡಿ ಕೊಟ್ಟಿದ್ದಕ್ಕ ಒಳಗಿನ ಸಾಮಾನು ಬದಲಿ ಮಾಡಿಬಿಟ್ರಂತ ಹಿಂದಕ. ಅದಕ್ಕ ಕಣ್ಮುಂದನ ಬಿಚ್ಚಬೇಕಂತ. ಯಾರು ಬಿಚ್ಚಬೇಕು? ಬ್ರೂಸ್‌ಪೇಟಿ ಶಾಬುದ್ದೀನ್ ಸಾಬ್ರು! ಅಂದ್ರ ನೀನು! ಒಂದು ಸಲನೂ ಅಂಥ ವಾಚಿನ ಹಿಂದಿನ ಮುಚ್ಚಳ ತೆಗೆದು ನೋಡದ ನೀನು! ಮತ್ತ ಫೋನಿನಾಗ ಏನಂದಿ ಅವರಿಗೆ? "ಬರ್ರಿ ಬರ್ರಿ." ಅಷ್ಟೇ. "ಬರ್ರಿ ಬರ್ರಿ" ಅಂತ. ನಾನು ಬಾಗಿಲಿಗೂ ಮೇಜಿಗೂ ಅಡ್ಡಾಡಾಕ ಹತ್ತೀನಿ, ನೀನು ನೋಡಿದ್ರ ಅಲಾರಂ ಒರೆಸ್ತಿ!

ಏನು? ಕೈ ಯಾಕ ಚಾಚ್ತಿ? ...ಗೊತ್ತೈತಿ ಅಬ್ಬಾ, ಗೊತ್ತೈತಿ. ನಿನ್ನ ಕೈಗಡಿಯಾರ ನನ್ನ ಕಿವಿಗೆ ಹಿಡೀಬ್ಯಾಡ. ಟಿಕ್ ಟಿಕ್ ಅಂತೈತಿ. ಜೀವ ಐತಿ ಅದಕ್ಕ. ಚಾವಿ ಕೊಟ್ರ ಓಡ್ತೈತಿ, ಮರೆತ್ರ ಮುನಿಸ್ಕೊಂಡು ನಿಂದರ್ತೈತಿ. ಈ ಮಾತು ಕೇಳಿ ಕೇಳಿ ನನಗ ಬಾಯಿಪಾಠ ಆಗೈತಿ. ನಾನೇನು ಅದು ಕೆಟ್ಟದ್ದು ಅಂದೆನಾ? ಆದ್ರ ದಿನಾ ಮುಂಜಾನಿ ರೇಡಿಯೋದಾಗ ವಾರ್ತೆ ಹತ್ತೂದು ಕಾದು, ಮುಳ್ಳು ಸರಿ ಮಾಡ್ಕೊಳ್ಳಾಂವ ಯಾರು? ನೀನ. ಮಲಗಿಸಿಟ್ರ ಒಂದು ನಮೂನಿ ಓಡ್ತೈತಿ, ನಿಲ್ಲಿಸಿಟ್ರ ಇನ್ನೊಂದು ನಮೂನಿ. ಬ್ಯಾಸಿಗಿಯಾಗ ಬ್ಯಾರೆ, ಚಳಿಯಾಗ ಬ್ಯಾರೆ. ಅದು ಜೀವ ಅಂತಿ ನೀನು. ಇರಲಿ, ಜೀವ ಅಂತನ ಅನ್ನೋಣ.

ಆದ್ರ ಆ ಜಪಾನಿ ವಾಚಿನಾಗೂ ಐತಲ್ಲ ಅಬ್ಬಾ ಅದು! ಅದನ್ನ ಹೇಳಾಕ ಹೊಂಟೀನಿ ನಾನು, ನೀ ಕೇಳಂಗಿಲ್ಲ!

ನೋಡಿಲ್ಲಿ. ಮಕ ತಿರುವಬ್ಯಾಡ, ನೋಡು. ಮುಚ್ಚಳ ತೆಗದ್ನಲ್ಲ, ಒಳಗ ಏನಿತ್ತು? ಸುತ್ತಿದ ಸ್ಪ್ರಿಂಗು. ನಿನ್ನ ವಾಚಿನಾಗ ಹೆಂಗೈತಿ ಹಂಗ. ಆ ಸ್ಪ್ರಿಂಗು ಬಿಚ್ಕೋಂತ ಹೋದಂಗ ಒಂದು ಚಕ್ರ ತಿರುಗ್ತೈತಿ, ಅದು ಇನ್ನೊಂದನ್ನ ತಿರುಗಿಸ್ತೈತಿ. ನೀನು ನನಗ ಸಣ್ಣಾಕಿ ಇದ್ದಾಗ ತೋರ್ಸಿದ್ದು ಅದನ್ನೇ ತಾನ? ಕಡೀಕ ಬಂದಾಗ ಮಾತ್ರ... ಆ ಕಡೀಗೆ ಬಂದು ನಾನು ಗಾಬ್ರಿ ಆದೆ. ಹಿಂದಕ್ಕ ಮುಂದಕ್ಕ ಉಯ್ಯಾಲಿ ಆಡೋ ಚಕ್ರ ಇರಬೇಕಲ್ಲ, ಟಿಕ್ ಟಿಕ್ ಅನ್ನೂದು ಅದರಿಂದನ ತಾನ? ಅದು ಇಲ್ಲ. ಅದರ ಜಾಗಾದಾಗ ಒಂದು ಸಣ್ಣ ಗಾಲಿ. ಒಂದೇ ದಿಕ್ಕಿಗೆ ಸುಮ್ನ ತಿರುಗೂ ಗಾಲಿ. ಅದರ ಬಾಜೂಕ ಕೂದಲಕ್ಕಿಂತ ಸಣ್ಣ ತಾಮ್ರದ ತಂತಿ ಸುತ್ತಿದ್ದು, ಆಕಡೀಗೆ ಒಂದು ಹರಳು.

ಹಾಂ, ಹರಳು ಅಂದ ಕೂಡ್ಲೆ ಹುಬ್ಬು ಗಂಟಾತು! ಕ್ವಾರ್ಟ್ಜ್, ಹೌದು. ನಿನ್ನ ವೈರಿ. ಸೆಲ್ ವಾಚು ಬಂದು ನಮ್ಮ ಹೊಟ್ಟಿ ಮ್ಯಾಲ ಕಾಲಿಟ್ತು, ಜನ ರಿಪೇರಿ ಮಾಡ್ಸೋದು ಬಿಟ್ಟು ಎಸೆದು ಹೊಸಾದು ತಗೊಳ್ಳಾಕ ಹತ್ತಿದ್ರು... ನನಗ ನೆನಪಿಲ್ಲೇನು? ಅಮ್ಮಿ ಆವಾಗ ಬೀಡಿ ಕಟ್ಟಾಕ ಕುಂತಿದ್ದು ನೆನಪಿಲ್ಲೇನು? ಆದ್ರ ಇಲ್ಲಿ ಆ ಹರಳು ವಾಚು ಓಡ್ಸಂಗಿಲ್ಲ ಅಬ್ಬಾ. ಓಡ್ಸೂದು ಸ್ಪ್ರಿಂಗೇ. ಹರಳು ಬರೇ ಹದ ಹಿಡೀತೈತಿ.

ನಿನ್ನ ಸೈಕಲ್ಲಿಗೆ ಡೈನಮೋ ಇತ್ತಲ್ಲ? ಗಾಲಿಗೆ ಒತ್ತಿದ್ರ ದೀಪ ಹತ್ತತಿತ್ತು, ತುಳಿಯಾಕ ಭಾರ ಆಗ್ತಿತ್ತು. ನೀನ ಬೈಯ್ತಿದ್ದಿ, "ಈ ದೀಪ ಹತ್ತಿದ್ರ ಕಾಲಿಗೆ ಗುಂಡು ಕಟ್ಟಿದಂಗ" ಅಂತ. ಅದೇ ಇಲ್ಲಿ! ಸ್ಪ್ರಿಂಗು ಗಾಲಿ ತಿರುಗಿಸಿದ್ರ ಚಿಟಿಕಿಯಷ್ಟು ಕರೆಂಟ್ ಹುಟ್ತೈತಿ, ಆ ಕರೆಂಟಿಲೆ ಹರಳು ಎಚ್ಚರ ಆಗ್ತೈತಿ. ಗಾಲಿ ಜೋರು ಓಡಿದ್ರ ಭಾರ ಹಾಕ್ತೈತಿ, ಸಾವಕಾಶ ಆದ್ರ ಬಿಡ್ತೈತಿ. ಮುಟ್ಟಂಗಿಲ್ಲ, ತಡೆಯಂಗಿಲ್ಲ. ಅದಕ್ಕ ಸೆಕೆಂಡ್ ಮುಳ್ಳು ಕುಪ್ಪಳಿಸಂಗಿಲ್ಲ. ದೇಶನೂರಾಗ ಅಮ್ಮಿ ತವರುಮನಿ ಹಿಂದ ಕಾಲುವಿ ಐತಲ್ಲ, ಗದ್ದಿಗೆ ನೀರು ಬಿಟ್ಟಾಗ ಹೆಂಗ ಸದ್ದಿಲ್ಲದ ಹೊಂಟಿರ್ತೈತಿ... ಹಂಗ ಹೋಗ್ತೈತಿ ಅಬ್ಬಾ ಆ ಮುಳ್ಳು. ಅದನ್ನ ನೋಡ್ಕೋಂತ ನಾನು ಚಾ ಕುಡಿಯೋದು ಮರೆತೆ. ತಿಂಗಳಾದ್ರೂ ಅರ್ಧ ನಿಮಿಷ ಆಕಡಿ ಈಕಡಿ ಆಗಂಗಿಲ್ಲಂತ. ನೆಟ್ ಸೆಂಟರಿನಾಗ ಓದೀನಿ, ಚಿತ್ರನೂ ನೋಡೀನಿ.

ಹೂಂ. ತಲಿ ಅಲ್ಲಾಡಿಸು. ಗೊತ್ತೈತಿ ಏನಂತಿ. "ನಾಳೆ ಆ ತಂತಿ ಸುಟ್ರ ಏನ್ ಮಾಡ್ತಿ?" ಅಂತಿ. ಅದು ಖರೆ. ಅದನ್ನ ನಾನು ಒಪ್ಪೀನಿ. ನಿನ್ನ ವಾಚಿನ ಒಂದು ಹಲ್ಲು ಮುರಿದ್ರ ನೀನು ಅರದಿಂದ ತೀಡಿ ಇನ್ನೊಂದು ಮಾಡ್ತಿ. ಮೊಮ್ಮಕ್ಕಳ ಕಾಲಕ್ಕೂ ಓಡ್ತೈತಿ. ಇದರ ತಂತಿ ಹೋದ್ರ, ಹರಳು ಹೋದ್ರ, ಬಳ್ಳಾರಿಯಾಗ ಅಲ್ಲ, ಎಲ್ಲೂ ಮಾಡಾಕ ಬರಂಗಿಲ್ಲ. ಜಪಾನಿನ ಕಂಪನಿಯವ್ರೇ ಕಳಿಸಬೇಕು. ಅಷ್ಟರ ಮಟ್ಟಿಗೆ ನಿನ್ನದು ಮ್ಯಾಲು. ಸಾಕಾ? ಒಪ್ಪಿದೆನಲ್ಲ? ನೀನೂ ಒಂದು ಮಾತು ಒಪ್ಪಬಾರದಾ?

ಹಂಪಯ್ಯಣ್ಣನ ವಾಚಿಗೆ ತಂತಿ ಸುಟ್ಟಿದ್ದಿಲ್ಲ. ಏನಾಗಿತ್ತು ಗೊತ್ತೇನು? ಧೂಳು! ನಮ್ಮ ಇದೇ ಕೆಂಪು ಧೂಳು. ಕುರುಗೋಡಿನಾಗ ಮೆಣಸಿನಕಾಯಿ ಬೆಳೀತಿದ್ದ ಮನಶ್ಯಾ ಈಗ ಹೊಲಾನ ಅದಿರು ಸುರಿಯಾಕ ಕೊಟ್ಟು, ಟಿಪ್ಪರ್ ಮ್ಯಾಲ ಟಿಪ್ಪರ್ ತಂದಾರ. ಕೈಗೆ ಜಪಾನಿ ವಾಚು, ಚಾವಿ ಕೊಟ್ಟ ಮ್ಯಾಲ ಅದರ ಗುಂಡಿ ತಿರುವಿ ಒಳಗ ಬಿಗಿ ಮಾಡ್ಬೇಕು ಅನ್ನೋದು ಯಾರೂ ಹೇಳಿಲ್ಲ. ಸಡ್ಲ ಬಿಟ್ಕೊಂಡು ಅದಿರಿನ ಗುಡ್ಡಿ ಮ್ಯಾಲೆಲ್ಲ ಅಡ್ಡಾಡ್ಯಾರ. ಒಳಗ ಧೂಳು ಹೋಗಿ ಎಣ್ಣಿಗೆ ಕೂಡಿ, ಕುಂಕುಮ ಕಲಿಸಿದಂಗ ಆಗಿತ್ತು.

ನಿನ್ನ ಹತ್ರನ ಬಂದಿದ್ರಲ್ಲ ಮೊದಲ? ನೀನು ಕೈಯಾಗ ಹಿಡಿದು, ಕಿವಿಗಿಟ್ಟು, "ಇದು ಸೆಲ್ಲಿಂದು, ಕಂಪನಿಗೆ ಕಳಸ್ರಿ" ಅಂದಿ. ಬಿಚ್ಚಲೂ ಇಲ್ಲ! ಹೈದರಾಬಾದಿಗೆ ಒಯ್ದ್ರು, ಅಲ್ಲಿ ಜಪಾನಿಗೇ ಕಳಿಸಬೇಕು ಅಂದ್ರಂತ. ತಿರುಗಿ ಇಲ್ಲೇ ಬಂದ್ರು. ನೀನು ಆವತ್ತು ಸಿರುಗುಪ್ಪಕ್ಕ ಹೋಗಿದ್ದಿ, ಮಾಮೂನ ಮಗಳ ನಿಶ್ಚಿತಾರ್ಥಕ್ಕ. ನಾನೊಬ್ಬಾಕಿನ ಇದ್ದೆ. "ಎಲ್ಲಿ ಸಾಬ್ರು?" ಅಂದ್ರು. "ಬರ್ತಾರ್ರಿ, ಇಟ್ಟು ಹೋಗ್ರಿ" ಅಂದೆ. ಅಷ್ಟೇ ಅಂದಿದ್ದು ನಾನು.

ನೀನು ಸಿರುಗುಪ್ಪದಾಗ ಉಳ್ದಿ. ನಾನು ಬಿಚ್ಚಿದೆ. ಒಂದೊಂದು ಚಕ್ರ ತೆಗೆದು, ಹೆಂಗಿತ್ತು ಹಂಗ ಬಿಳಿ ಬಟ್ಟಿ ಮ್ಯಾಲಿಟ್ಟು, ತೊಳೆದು, ಎಣ್ಣಿ ಹಾಕಿ... ಆ ತಂತಿ ಹತ್ರ ಬಂದಾಗ ಉಸಿರು ಹಿಡಿದಿದ್ದೆ ಅಬ್ಬಾ. ಚಿಮಟ ತಪ್ಪಿದ್ರ ಮುಗೀತು. ತಪ್ಪಲಿಲ್ಲ. ಕೂಡಿಸಿ ಚಾವಿ ಕೊಟ್ಟೆ, ಮುಳ್ಳು ಹೊಂಟ್ತು. ಆವತ್ತು ನಿನಗ ಓಡಿ ಬಂದು ಹೇಳ್ಬೇಕು ಅನ್ನಿಸಿತ್ತು. ಮಾಮೂನ ಮನಿಗೆ ಫೋನೂ ಮಾಡಿದ್ದೆ, ನೀನು ಊಟಕ್ಕ ಕುಂತಿದ್ದಿ ಅಂದ್ರು. ನೀನು ಹೊಳ್ಳಿ ಬಂದ ಕೂಡ್ಲೆ ಎಲ್ಲಾ ಹೇಳಿದೆ.

ಮತ್ತ ಆಗಿದ್ದೇನು? ಇಡೀ ಬ್ರೂಸ್‌ಪೇಟಿ ತುಂಬ ನಿನ್ನ ಹೆಸರು! "ಹೈದರಾಬಾದಿನಾಗ ಆಗಲಾರದ್ದು ಶಾಬುದ್ದೀನ್ ಸಾಬ್ರು ಮಾಡ್ಯಾರ." ಹಂಪಯ್ಯಣ್ಣ ಕಾರು ತಗೊಂಡು ಬಂದು, ಇಲ್ಲೇ, ಈ ಕಟ್ಟಿ ಮ್ಯಾಲ ನಿಂತು ನಿನಗ ಶಾಲು ಹೊದಿಸಿದ್ರು. "ಇಂಥ ಕೈ ಎಲ್ಲೂ ಇಲ್ರೀ ಸಾಬ್ರ" ಅಂದ್ರು. ಎದುರು ಪಾತ್ರಿ ಅಂಗಡಿಯವರೆಲ್ಲ ಬಂದು ನೋಡಿದ್ರು. ನಾನು ಎಲ್ಲಿದ್ದೆ? ಅಲ್ಲೇ ಮೂಲ್ಯಾಗ. ಚಾ ಕೊಟ್ಟೆ. ಅವ್ರು ನನಗ, "ಏನವಾ ತಂಗಿ, ಸಕ್ಕರಿ ಕಮ್ಮಿ ಆತು" ಅಂದ್ರು!

ನೀನು ಒಂದು ಮಾತು ಅಂದ್ಯಾ? "ನಾನಲ್ರೀ, ನನ್ನ ಮಗಳು ಹುಮೇರಾ" ಅಂತ? ನಿನ್ನ ಬಾಯಾಗಿಂದ ಒಂದು ಮಾತು ಬಂತಾ? ಶಾಲು ಮಡಚಿ ಮಡಿಲಾಗಿಟ್ಕೊಂಡು ಕುಂತಿ. ಆವತ್ತಿಂದ ನನಗ ಊಟ ಸೇರವಲ್ದು. ಹೊರಗಿನವರು ಹಂಗ, ಅವ್ರ ಮಾತು ಬಿಡು. ಹೆಣ್ಣುಮಗಳು ಮೇಜಿಗೆ ಕುಂತಿದ್ರ ಗಿರಾಕಿ ಬಾಗಿಲಾಗ ನಿಂತು "ಅಪ್ಪ ಇಲ್ಲೇನು?" ಅಂತ ಕೇಳಿ ಹೊಳ್ಳಿ ಹೋಗ್ತಾರ. ಅದಕ್ಕ ನಾನು ಅಳಂಗಿಲ್ಲ. ಆದ್ರ ನೀನು? ನೀನು ಗೊತ್ತಿದ್ದೂ ಸುಮ್ನಿದ್ದಿ! ಶಾಲು ಬೇಕಾಗಿತ್ತೇನು ನಿನಗ? ಅಷ್ಟು ಆಸೆ ಇತ್ತೇನು?

...ಯಾಕ ಹಂಗ ನೋಡ್ತಿ?

ಅನ್ನು, ಏನರ ಅನ್ನು. ಬೈದ್ರೂ ಬೈಯಿ. ಅಪ್ಪಗ ಇಂಥ ಮಾತು ಆಡಿದೆ ಅಂತ ಬೈಯಿ. ಸುಮ್ನ ಕುಂದ್ರಬ್ಯಾಡ ಅಬ್ಬಾ, ಹಂಗ ಸುಮ್ನ ನೋಡ್ಕೋಂತ...

ನೀನ ಮಾಡಿದ್ದು ಅಂತ ಹಂಪಯ್ಯಣ್ಣಗ ಯಾರು ಹೇಳಿದ್ರು ಅಂತನಾ? ಯಾರೂ ಹೇಳಿಲ್ಲ. ತಾವೇ ತಿಳ್ಕೊಂಡ್ರು. ಅಂಗಡಿ ನಿಂದು, ಹೆಸರು ನಿಂದು, ತಿಳ್ಕೊಳ್ಳಾಕ ಏನೈತಿ ಅದರಾಗ? ವಾಚು ಒಯ್ಯಾಕ ಬಂದಾಗ ನೀನು ನಮಾಜಿಗೆ ಹೋಗಿದ್ದಿ. ನಾನು ಕೊಟ್ಟೆ. ಕೈಗೆ ಕಟ್ಕೊಂಡ್ರು, ಮುಳ್ಳು ನೋಡಿದ್ರು, ಖುಷಿ ಆದ್ರು. "ಯಾರವಾ ಮಾಡಿದ್ದು?" ಅಂದ್ರು. ನಾನು...

ನಾನು ಏನಂದೆ ಅಂದ್ರ...

ನಿನಗ ಗೊತ್ತೈತಿ.

ಶಾಲು ಹೊದಿಸಬೇಕಾದ್ರ ಹೇಳಿದ್ರಲ್ಲ ಅವ್ರು, "ನಿಮ್ಮ ಮಗಳು ಹೇಳಿದ್ಲು ಸಾಬ್ರ, ನಾಲ್ಕು ದಿನ ಕುಂತು ಮಾಡೀರಂತ" ಅಂತ. ನೀನು ಕೇಳಿದಿ. ಕೇಳಿ ನನ್ನ ಕಡಿ ನೋಡಿದಿ. ನಾನು ತಲಿ ತಗ್ಗಿಸಿ ಕಪ್ಪು ತೊಳಿಯಾಕ ಹೋದೆ. ನೀನು "ಇಲ್ಲ" ಅಂದಿದ್ರ ಅಷ್ಟು ಮಂದಿ ಮುಂದ ನಾನು ಸುಳ್ಳಿ ಆಗ್ತಿದ್ದೆ. ಅದಕ್ಕ ಸುಮ್ನಿದ್ದಿ. ಅಲ್ಲಾ? ಇಷ್ಟು ದಿನ ನಾನು ಪಾತ್ರಿ ಕುಕ್ಕಿದ್ರೂ, ಮಕ ತಿರುವಿದ್ರೂ, ಈಗ ಇಷ್ಟೆಲ್ಲ ಅಂದ್ರೂ... ಅದಕ್ಕ ಸುಮ್ನಿದ್ದಿ.

ಹೆಣ್ಣುಮಗಳು ಅಂತ ನಂಬಂಗಿಲ್ಲ, ಅದಕ್ಕ ನಿನ್ನ ಹೆಸರು ಹೇಳಿದೆ ಅಂತ ನನಗ ನಾನ ಹೇಳ್ಕೊಂಡೆ. ಸುಳ್ಳು ಅಬ್ಬಾ. ಹೆದರಿದ್ದೆ. ನಾಳೆ ಆ ವಾಚು ರಸ್ತ್ಯಾಗ ನಿಂತ್ರ? ತಂತಿ ನನ್ನ ಕೈಯಾಗೇ ಪೆಟ್ಟು ತಿಂದಿದ್ರ? ನಿಂತ್ರ ನಿನ್ನ ಹೆಸರು ಹೋಗಲಿ, ನಂದಲ್ಲ ಅಂತ... ಓಡಿದ ಮ್ಯಾಲ ಹೆಸರು ನನಗ ಬೇಕಾತು. ಓಡೂತನಕ ನಿನ್ನ ಹಿಂದ ಅಡಗಿದ್ದೆ.

ಮೈಲಾರಪ್ಪನಿಗೆ "ಬರ್ರಿ" ಅಂದಿದ್ದು ಅದಕ್ಕಾ? ಕರೆಸಿದ್ರ ನಾನು ಬಾಯಿ ಬಿಡಬೇಕಾಗ್ತೈತಿ ಅಂತನಾ? ...ಅಥವಾ ಬಿಡದಿದ್ರ, ಗೊತ್ತಿಲ್ಲದ ವಾಚಿಗೆ ನೀನ ಕೈ ಹಾಕಿ, ಎಲ್ಲಾರ ಮುಂದ ಸೋಲಾಕ ತಯಾರಾಗಿ ಕುಂತಿದ್ಯಾ?

ಹೇಳಂಗಿಲ್ಲ. ಆತು. ಹೇಳಬ್ಯಾಡ.

...ಕಾರು ನಿಂತ್ತು ಅಬ್ಬಾ. ಅವರ ಇರಬೇಕು. ಹೂಂ, ಅವರ. ಇಬ್ಬರೂ ಇಳಿದ್ರು.

ಏಳಬ್ಯಾಡ. ಚಷ್ಮಾ ಯಾಕ ಹುಡುಕ್ತಿ? ಕುಂದ್ರು ನೀನು, ಅಲ್ಲೇ ಕುಂದ್ರು. ಚಿಮಟ ಇತ್ತ ಕೊಡು.

ಬರ್ರಿ ಹಂಪಯ್ಯಣ್ಣ, ಬರ್ರಿ. ನೀವೂ ಬರ್ರಿ ಅಣ್ಣಾರ, ಕುಂದರ್ರಿ. ಇಲ್ರೀ, ಅಬ್ಬಾನ ಕಡಿ ಅಲ್ಲ... ವಾಚು ನನ್ನ ಕಡಿ ಕೊಡ್ರಿ. ಅದಕ್ಕ ಮೊದಲು ಒಂದು ಮಾತೈತಿ, ಅದನ್ನ ಕೇಳಿ ಕೊಡೂದೋ ಬ್ಯಾಡೋ ನೀವ ಹೇಳ್ರಿ. ಅವತ್ತು ನಿಮಗ ನಾನು ಸುಳ್ಳು ಹೇಳಿದ್ದೆ.